ನೀರಿಗೆ ಬಂದವಳು

'ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ' ಎಂಬ ಗಾದೆಯನ್ನು ಎಂಟನೆಯ ತರಗತಿಯ ಮಕ್ಕಳಿಂದ ನಾನು ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಮಕ್ಕಳೂ ಪ್ರತಿವರ್ಷ ಅದನ್ನೇ ಬರೆಯುತ್ತಾರೆ. ಹೊಸದಾಗಿ ಬಂದ ಸೊಸೆ ಎಷ್ಟು ದಿನ ಮನೆಯೊಳಗೇ ಅಡಗಿದ್ದಾಳು, ಬಾವಿಗೆ ಬರಲೇಬೇಕು, ಬಂದಾಗ ನಾಲ್ಕು ಜನರ ಕಣ್ಣಿಗೆ ಬೀಳಲೇಬೇಕು, ಇತ್ಯಾದಿ. ನಾನೂ ಕಣ್ಣು ಮುಚ್ಚಿಕೊಂಡು ಅಂಕ ಹಾಕುತ್ತ ಬಂದಿದ್ದೇನೆ. ಬಾವಿಗೆ ಬಂದವಳ ಕಡೆಯಿಂದ ಆ ಗಾದೆಯನ್ನು ಒಮ್ಮೆಯಾದರೂ ನೋಡಬೇಕು ಎಂದು ನನಗೆ ಹೊಳೆದದ್ದು 53ನೆಯ ವಯಸ್ಸಿನಲ್ಲಿ, ಅದೂ ಒಂದು ಪ್ರಿಂಟರಿನ ದೆಸೆಯಿಂದ ಎಂದರೆ ನೀವು ನಗಬಹುದು.

2023ರ ಜೂನ್ ತಿಂಗಳು. ಧಾರವಾಡದ ಜಿಟಿಜಿಟಿ ಮಳೆ ಹಿಡಿದಿತ್ತು. ಶಾಲೆ ಶುರುವಾಗಿ ಮೊದಲ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ಸಿದ್ಧವಾಗಬೇಕು ಎನ್ನುವ ಹೊತ್ತಿಗೆ ನಮ್ಮ ಮನೆಯ ಹಳೆಯ ಪ್ರಿಂಟರ್ ಕಣ್ಣು ಮುಚ್ಚಿತು. ನಮ್ಮ ಮನೆಯವರು ಮರುದಿನವೇ ಹೊಸದೊಂದನ್ನು ತಂದರು. ಡಬ್ಬಿ ಬಿಚ್ಚಿ, ತಂತಿ ಜೋಡಿಸಿ, ಗುಂಡಿ ಒತ್ತಿದರೆ ಅದು ಜಪ್ಪಯ್ಯ ಎನ್ನಲಿಲ್ಲ. ಅಂಗಡಿಯ ಹುಡುಗನನ್ನು ಕರೆಸಿದೆವು. ಅವನು ಕಂಪ್ಯೂಟರಿನ ಮುಖ ನೋಡಿದವನೇ, "ಮೇಡಂ, ಇದರಾಗ ಏನೋ ಬ್ಯಾರೇದ ಹಾಕ್ಯಾರ. ಎಲ್ಲಾ ಅಳಿಸಿ ಹೊಸಾದು ಹಾಕಿಬಿಡತೀನಿ, ಅರ್ಧಾ ತಾಸಿನ ಕೆಲಸ" ಎಂದ.

ಅಳಿಸುವುದೇ! ಎಂಟು ವರ್ಷಗಳ ಪ್ರಶ್ನೆಪತ್ರಿಕೆಗಳು, ಮಕ್ಕಳಿಗೆ ಬರೆದುಕೊಟ್ಟ ಭಾಷಣಗಳು, ನಮ್ಮತ್ತೆ ಹೇಳಿ ನಾನು ಬರೆದುಕೊಂಡ ಬೀಸುವ ಪದಗಳು, ಎಲ್ಲವೂ ಅದರೊಳಗಿದ್ದವು. ಬೇರೆ ಕಡೆ ಒಂದು ಪ್ರತಿ ಇಟ್ಟುಕೊಂಡು ಅಳಿಸಬಹುದು ಎಂದು ಅವನು ಹೇಳಿದರೂ ನನಗೆ ಮನಸ್ಸು ಬರಲಿಲ್ಲ. ಒಂದು ಪ್ರಿಂಟರ್ ಬಂತೆಂದು ಇಡೀ ಮನೆ ಕೆಡವಿ ಕಟ್ಟುವುದು ಯಾವ ನ್ಯಾಯ? ಹುಡುಗನಿಗೆ ಚಹಾ ಕೊಟ್ಟು ಕಳಿಸಿದೆ.

ಅದರೊಳಗಿದ್ದ 'ಬೇರೇದು' ಎಂದರೆ ಫ್ರೀಬಿಎಸ್‌ಡಿ. ಮಗ ಬೆಂಗಳೂರಿನ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ಹಾಕಿಕೊಟ್ಟಿದ್ದ. ಹೆಸರು ನನ್ನ ನಾಲಿಗೆಗೆ ಹೊರಳಲು ಒಂದು ವಾರ ಹಿಡಿಯಿತು. ಆಮೇಲೆ ಅದು ನನಗೆಂದೂ ತೊಂದರೆ ಕೊಡಲಿಲ್ಲ. ಬೆಳಗ್ಗೆ ಹಾಲು ಕಾಯಿಸುವ ಪಾತ್ರೆಯ ಹಾಗೆ ತನ್ನ ಪಾಡಿಗೆ ತಾನಿತ್ತು.

ಆ ತಿಂಗಳು ಮನೆಯಲ್ಲಿ ಇನ್ನೊಬ್ಬಳು ಹೊಸಬಳಿದ್ದಳು, ನನ್ನ ಸೊಸೆ. ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು. ಮಗನನ್ನು ಕಂಪನಿಯವರು ಆರು ತಿಂಗಳ ಮಟ್ಟಿಗೆ ಜರ್ಮನಿಗೆ ಕಳಿಸಿದಾಗ, ಮನೆಯಿಂದಲೇ ಕೆಲಸ ಮಾಡಬಹುದಾಗಿದ್ದ ಅವಳು ನಮ್ಮಲ್ಲಿಗೆ ಬಂದಳು. ಮಂಗಳೂರಿನ ಕಡೆಯವಳು. ತವರಿನಲ್ಲಿ ಮಾತು ತುಳು, ನಮ್ಮೊಡನೆ ಪುಸ್ತಕದಂಥ ಕನ್ನಡ. ಮಹಡಿಯ ಕೋಣೆಯನ್ನು ಸುಣ್ಣ ಬಳಿಸಿ, ಹೊಸ ಮೇಜು, ಕುರ್ಚಿ, ಇಂಟರ್ನೆಟ್ಟು ಎಲ್ಲ ಮಾಡಿಕೊಟ್ಟಿದ್ದೆವು. ಏನೂ ಕಡಿಮೆ ಮಾಡಿಲ್ಲ ಎಂಬ ಸಮಾಧಾನ ನನಗಿತ್ತು. ಆದರೂ ಹುಡುಗಿ ದಿನದಿಂದ ದಿನಕ್ಕೆ ಬಾಡುತ್ತಿದ್ದಳು. ಗಂಡನ ನೆನಪಿರಬೇಕು ಎಂದುಕೊಂಡಿದ್ದೆ.

ಸಂಜೆ ಅವಳ ಮುಂದೆ ಪ್ರಿಂಟರಿನ ಕಥೆ ಹೇಳಿದೆ. ಅವಳು ಕಂಪ್ಯೂಟರಿನ ಮುಂದೆ ಕೂತು ಏನೇನೋ ಹುಡುಕಿ, "ಅಳಿಸುವುದು ಎಂತಕ್ಕೆ ಅತ್ತೆ? ಈ ಪ್ರಿಂಟರಿಗೆ ಬೇಕಾದ ಪ್ರೋಗ್ರಾಮು ಲಿನಕ್ಸ್‌ಗೆ ಮಾತ್ರ ಮಾಡಿದ್ದಾರೆ. ಇದರೊಳಗೇ ಒಂದು ಸಣ್ಣ ಲಿನಕ್ಸ್ ಮಾಡಿ ಇಡುವ. ನಿಮ್ಮದು ಏನೂ ಅಲುಗಾಡುವುದಿಲ್ಲ" ಎಂದಳು.

ನನಗೆ ಅರ್ಥವಾಗಲಿಲ್ಲ. ಮೇಷ್ಟರ ಕೆಲಸ ಮಾಡಿದವರಿಗೆ ಅರ್ಥವಾಗದ್ದನ್ನು ಬಿಡುವ ಅಭ್ಯಾಸವಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವಳು ಹೇಳಿದ ವಂಶಾವಳಿಯನ್ನು ನನಗೆ ತಿಳಿದಂತೆ ನಿಮಗೂ ಹೇಳುತ್ತೇನೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು ಯುನಿಕ್ಸ್ ಎಂಬುದನ್ನು ಹುಟ್ಟುಹಾಕಿದರು. ಅದು ಮೂಲಮನೆ. ಆ ಮನೆತನದ ಒಂದು ಶಾಖೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. 1993ರಲ್ಲಿ ಬಂದ ಫ್ರೀಬಿಎಸ್‌ಡಿ ಆ ಶಾಖೆಯ ಕುಡಿ. ಲಿನಕ್ಸ್ ಹಾಗಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಅದರ ತಿರುಳನ್ನು ಹೊಸದಾಗಿಯೇ ಬರೆದ. ಮೂಲಮನೆಯ ರಕ್ತಸಂಬಂಧವಿಲ್ಲ, ಆದರೆ ನಡೆನುಡಿಯೆಲ್ಲ ಆ ಮನೆತನದ್ದೇ. ನೋಡಿದವರು ಅಣ್ಣತಮ್ಮಂದಿರು ಅನ್ನಬೇಕು, ಹಾಗಿವೆ ಎರಡೂ.

"ಹಾಗಾದರೆ ಒಂದರ ಪ್ರೋಗ್ರಾಮು ಇನ್ನೊಂದರಲ್ಲಿ ಯಾಕೆ ನಡೆಯುವುದಿಲ್ಲ?" ಎಂದೆ.

"ಕೇಳುವ ರೀತಿ ಬೇರೆ ಅತ್ತೆ" ಎಂದಳು.

ಪ್ರತಿ ಯಂತ್ರದ ನಡುವೆ ಕರ್ನಲ್ ಎಂಬುದೊಂದಿರುತ್ತದಂತೆ. ವಠಾರದ ನಡುವಿನ ಬಾವಿ ಎಂದುಕೊಳ್ಳಿ. ಯಾವ ಪ್ರೋಗ್ರಾಮಿಗೇ ಆಗಲಿ ಒಂದು ಕಡತ ತೆರೆಯಬೇಕು, ಓದಬೇಕು, ಬರೆಯಬೇಕು ಎಂದರೆ ಸ್ವಂತ ಶಕ್ತಿಯಿಂದ ಆಗದು, ಬಾವಿಗೇ ಬರಬೇಕು. ಬಂದು ಒಂದು ಸಂಖ್ಯೆ ಹೇಳಿ ಕೇಳಬೇಕು. ಇಂದಿನ 64 ಬಿಟ್ ಯಂತ್ರಗಳಲ್ಲಿ ಲಿನಕ್ಸ್‌ನವರು ಓದಲಿಕ್ಕೆ 0, ಬರೆಯಲಿಕ್ಕೆ 1, ತೆರೆಯಲಿಕ್ಕೆ 2, ಮುಚ್ಚಲಿಕ್ಕೆ 3 ಎನ್ನುತ್ತಾರೆ. ಫ್ರೀಬಿಎಸ್‌ಡಿಯಲ್ಲಿ ಓದಲಿಕ್ಕೆ 3, ಬರೆಯಲಿಕ್ಕೆ 4, ತೆರೆಯಲಿಕ್ಕೆ 5, ಮುಚ್ಚಲಿಕ್ಕೆ 6. ಲಿನಕ್ಸ್‌ನಿಂದ ಬಂದ ಪ್ರೋಗ್ರಾಮು ಪಾಪ, ಕೆಲಸ ಮುಗಿಸಿ 'ಮುಚ್ಚು' ಎಂಬರ್ಥದಲ್ಲಿ 3 ಎಂದರೆ, ಈ ಮನೆಯವರಿಗೆ ಅದು 'ಓದು' ಎಂದು ಕೇಳಿಸುತ್ತದೆ.

ನಾನು ಜೋರಾಗಿ ನಕ್ಕುಬಿಟ್ಟೆ. ಸೊಸೆ ಗಾಬರಿಯಿಂದ ನೋಡಿದಳು. ನನಗೆ ನೆನಪಾದದ್ದು 1994. ಮೈಸೂರಿನ ಕಡೆಯಿಂದ ಮದುವೆಯಾಗಿ ಧಾರವಾಡಕ್ಕೆ ಬಂದು ಮೂರನೆಯ ದಿನ. ನಮ್ಮತ್ತೆ ಹಿತ್ತಿಲ ಕಟ್ಟೆಯ ಮೇಲೆ ಕೂತು, "ಆ ಪಲ್ಯಾ ತಾ ಇಲ್ಲೆ" ಎಂದರು. ನಾನು ಒಲೆಯ ಮೇಲಿದ್ದ ಬದನೆಕಾಯಿಯ ಪಲ್ಯವನ್ನು ಬಟ್ಟಲಿಗೆ ಹಾಕಿಕೊಂಡು, ಚಮಚವಿಟ್ಟುಕೊಂಡು ಹೋಗಿ ಮುಂದಿಟ್ಟೆ. ಅವರಿಗೆ ಬೇಕಿದ್ದದ್ದು ಸೋಸಿಡಲು ಮೆಂತೆಯ ಸೊಪ್ಪಿನ ಕಟ್ಟು! ನಮ್ಮೂರಿನಲ್ಲಿ ಬೇಯಿಸಿ ಒಗ್ಗರಣೆ ಕೊಟ್ಟ ಮೇಲಷ್ಟೇ ಅದು ಪಲ್ಯ, ಇಲ್ಲಿ ಮಣ್ಣಿನಿಂದ ಕಿತ್ತಾಗಲೇ ಪಲ್ಯ. ಮನೆತುಂಬ ನೆಂಟರಿದ್ದರು, ಎಲ್ಲರೂ ನಕ್ಕರು. ಅತ್ತೆಯವರೂ ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ. ಆದರೆ ನಾನು ಬಚ್ಚಲುಮನೆಗೆ ಹೋಗಿ ಅತ್ತಿದ್ದೆ. ಅಂದಿನಿಂದ ಬಾಯಿ ತೆರೆಯುವ ಮುಂಚೆ ಪ್ರತಿ ಮಾತನ್ನೂ ಮನಸ್ಸಿನಲ್ಲೇ ಈ ಊರಿನ ಮಾತಿಗೆ ತಿರುಗಿಸಿಕೊಳ್ಳುವುದು ಅಭ್ಯಾಸವಾಯಿತು.

ಈ ಕಥೆ ಕೇಳಿ ಸೊಸೆಯೂ ನಕ್ಕಳು. ಆಮೇಲೆ ಹೇಳಿದಳು, "ಇಲ್ಲಿ ಹಾಗಲ್ಲ ಅತ್ತೆ. ತಿರುಗಿಸುವ ಕೆಲಸ ಬಂದವರದ್ದಲ್ಲ, ಮನೆಯವರದ್ದು."

ಫ್ರೀಬಿಎಸ್‌ಡಿಯವರು ತಮ್ಮ ಕರ್ನಲ್‌ಗೇ ಒಂದು ಭಾಗವನ್ನು ಸೇರಿಸಿಕೊಂಡಿದ್ದಾರಂತೆ. ಪ್ರೋಗ್ರಾಮು ಬಂದು ನಿಂತ ಕೂಡಲೇ ಅದರ ಗುರುತು ನೋಡಿ, 'ಓ, ಇವಳು ಲಿನಕ್ಸ್ ಊರಿನವಳು' ಎಂದು ತಿಳಿದು, ಅವಳು 3 ಎಂದಾಗ ಮುಚ್ಚಿ, 0 ಎಂದಾಗ ಓದಿ ಕೊಡುತ್ತದೆ. ಬಂದವಳು ತನ್ನ ಸಂಖ್ಯೆಗಳನ್ನು ಬದಲಿಸಬೇಕಾಗಿಲ್ಲ. ನನಗೆ ಅತ್ಯಂತ ಅಚ್ಚರಿಯಾದದ್ದೆಂದರೆ, ಒಳಗೆ ನಾವು ಕಟ್ಟಿಕೊಡುವ ಆ ಪುಟ್ಟ ಲಿನಕ್ಸ್ ಮನೆಯಲ್ಲಿ ಲಿನಕ್ಸ್‌ನ ಕರ್ನಲ್ಲೇ ಇರುವುದಿಲ್ಲ. ಪಾತ್ರೆಪಡಗ, ಒಲೆ, ದೇವರ ಮಂದಾಸನ ಎಲ್ಲ ಲಿನಕ್ಸ್‌ನವೇ, ಬಾವಿ ಮಾತ್ರ ಫ್ರೀಬಿಎಸ್‌ಡಿಯದು.

ಆ ಭಾನುವಾರ ಕೆಲಸ ಶುರುವಾಯಿತು. ಮೊದಲು ಆ ತಿರುಗಿಸುವ ಭಾಗವನ್ನು ಎಚ್ಚರಿಸಿದಳು. ಆಮೇಲೆ ಆಲ್ಪೈನ್ ಎಂಬ ಹೆಸರಿನ ಲಿನಕ್ಸನ್ನು ಇಳಿಸಿಕೊಂಡಳು. ಅವಳು ಆಫೀಸಿನಲ್ಲಿ ದಿನಾ ಬಳಸುವುದು ಅದೇ. ಅದರ ಮೂಲ ಗಂಟು ಸುಮಾರು 3 ಎಂಬಿ ಅಷ್ಟೇ, ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು. ಅದನ್ನು ಒಂದು ಕೋಶದಲ್ಲಿ ಬಿಚ್ಚಿಟ್ಟು, 'ಚ್‌ರೂಟ್' ಎಂಬ ಆಜ್ಞೆ ಕೊಟ್ಟಳು. ಇದು 1979ರ ಯುನಿಕ್ಸ್‌ನಷ್ಟು ಹಳೆಯ ಆಜ್ಞೆ. ಬೇರನ್ನು ಬದಲಿಸು ಎಂದರ್ಥ. ಆ ಕೋಶದೊಳಗೆ ಹೋದ ಪ್ರೋಗ್ರಾಮಿಗೆ ಅದೇ ಇಡೀ ಜಗತ್ತು, ಅದರ ಹೊಸಿಲಿನಾಚೆಗೆ ಏನೂ ಕಾಣದು. 'ನೀನು ಯಾರು' ಎಂದು ಕೇಳಲು 'ಯುನೇಮ್' ಎಂಬ ಮಾತಿದೆ. ಹೊರಗೆ ಕೇಳಿದರೆ ಫ್ರೀಬಿಎಸ್‌ಡಿ ಎಂದ ಯಂತ್ರ, ಒಳಗೆ ಹೋಗಿ ಕೇಳಿದರೆ ಲಿನಕ್ಸ್ ಎಂದಿತು. ನಾನು ಇದನ್ನು ಎರಡೆರಡು ಸಲ ಮಾಡಿಸಿ ನೋಡಿದೆ. ಧಾರವಾಡದಲ್ಲಿ ನಾನು ಇಂದಿಗೂ 'ಮೈಸೂರಿನಾಕಿ', ಮೈಸೂರಿಗೆ ಹೋದರೆ 'ಧಾರವಾಡದವಳು'. ಒಬ್ಬಳೇ ಹೆಂಗಸು, ಎರಡು ಉತ್ತರ.

ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಎಡವಟ್ಟಾಯಿತು. ಪ್ರಿಂಟರಿನ ಪ್ರೋಗ್ರಾಮನ್ನು ಒಳಗಿಟ್ಟು ಓಡಿಸಿದರೆ 'ಸಿಗಲಿಲ್ಲ' ಎಂದಿತು. ಪಟ್ಟಿ ತೆಗೆದು ನೋಡಿದರೆ ಪ್ರೋಗ್ರಾಮು ಕಣ್ಣೆದುರಿಗೇ ಇದೆ. ಮತ್ತೆ ಓಡಿಸಿದರೆ ಮತ್ತೆ 'ಸಿಗಲಿಲ್ಲ'. ಕನ್ನಡಕ ಒರೆಸಿಕೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ನಾನೇ ತಾಳೆ ನೋಡಿದೆ. ಒಂದು ತಪ್ಪೂ ಇರಲಿಲ್ಲ. ಅರ್ಧ ತಾಸಿನ ಮೇಲೆ ಸೊಸೆ ಹಣೆ ಬಡಿದುಕೊಂಡಳು.

"ನನ್ನದೇ ತಪ್ಪು ಅತ್ತೆ. ಸಿಗಲಿಲ್ಲ ಅಂತ ಹೇಳಿದ್ದು ಪ್ರೋಗ್ರಾಮು ಅಲ್ಲ. ಅದು ಎದ್ದು ನಿಲ್ಲಲಿಕ್ಕೆ ಒಂದು ಕೈಯಾಸರೆ ಬೇಕು, ಗ್ಲಿಬ್‌ಸಿ ಅಂತ. ಈ ಆಲ್ಪೈನ್‌ನಲ್ಲಿ ಅದು ಇಲ್ಲ. ಬೇರೆ ಉಂಟು, ಮಸಲ್ ಅಂತ. ಕೋಣೆ ಕೊಟ್ಟಿದ್ದೇವೆ, ಬೇಕಾದ್ದು ಇಟ್ಟಿಲ್ಲ. ಯಾವುದು ಇಲ್ಲ ಅಂತ ಹೇಳಲಿಕ್ಕೂ ಅದಕ್ಕೆ ಬರುವುದಿಲ್ಲ, ಪಾಪ."

ಅವಳು ಇದನ್ನು ಪ್ರಿಂಟರಿನ ಪ್ರೋಗ್ರಾಮಿನ ಕುರಿತೇ ಹೇಳಿದಳು. ಅದರಲ್ಲಿ ಬೇರೆ ಒಳಾರ್ಥವೇನೂ ಇರಲಿಲ್ಲ. ಆದರೆ ನನ್ನ ಕಣ್ಣು ಅವಳ ಕೈಮೇಲೆ ಹೋಯಿತು. ಬಂದಾಗ ಬಿಗಿಯಾಗಿದ್ದ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು.

"ನಿನಗೆ ಊಟ ಸೇರುತ್ತಿಲ್ಲವೇ?" ಎಂದು ಕೇಳಿದೆ.

"ಇಲ್ಲ ಅತ್ತೆ, ಎಲ್ಲ ಚೆನ್ನಾಗಿ ಉಂಟು" ಎಂದಳು. ನಾನು ಬಿಡಲಿಲ್ಲ. ಮೂರನೆಯ ಸಲ ಕೇಳಿದಾಗ ತಲೆ ತಗ್ಗಿಸಿ, "ಕುಚ್ಚಲಕ್ಕಿ ಗಂಜಿ ಇಲ್ಲದೆ ಊಟ ಮಾಡಿದ ಹಾಗೆ ಆಗುವುದಿಲ್ಲ. ಇಲ್ಲಿ ನೀವೆಲ್ಲ ರೊಟ್ಟಿ ತಿನ್ನುವವರು, ನನಗೊಬ್ಬಳಿಗೆ ಬೇರೆ ಮಾಡಿ ಅಂತ ಹೇಗೆ ಹೇಳುವುದು?" ಎಂದಳು.

ದಿನಾ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಬೆಳ್ಳನೆಯ ಅನ್ನ. ಒತ್ತಾಯ ಮಾಡಿ ಮಾಡಿ ಬಡಿಸಿದ್ದೆ. ಸುಣ್ಣ ಬಳಿಸಿದ ಕೋಣೆಯ ಬಗ್ಗೆ ಎಷ್ಟು ಹೆಮ್ಮೆಪಟ್ಟಿದ್ದೆ! 'ನಿನಗೇನು ಬೇಕು' ಎಂಬ ಒಂದು ಮಾತು ಮಾತ್ರ ಕೇಳಿರಲಿಲ್ಲ.

ಕೇಳಬೇಕೆಂದು ನನಗಾದರೂ ತಿಳಿಯಬೇಕಿತ್ತು. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಹಿತ್ತಾಳೆಯ ಕಾಫಿ ಫಿಲ್ಟರ್ ಇಂದಿಗೂ ಅಟ್ಟದ ಮೇಲಿದೆ. ಇದು ಚಹಾದ ಮನೆ. ಮೊದಲ ತಿಂಗಳು ಬೆಳಗ್ಗೆ ಎದ್ದರೆ ತಲೆ ಸಿಡಿಯುತ್ತಿತ್ತು. ಟ್ರಂಕಿನಲ್ಲಿದ್ದ ಕಾಫಿಪುಡಿಯ ಪೊಟ್ಟಣ ಬಿಚ್ಚಿ ಮೂಸಿ ನೋಡಿ ಮತ್ತೆ ಕಟ್ಟಿಡುತ್ತಿದ್ದೆ. ಮಾಡಿಕೊಂಡು ಕುಡಿದರೆ ಯಾರಾದರೂ ಬೈಯುತ್ತಿದ್ದರೇ? ಇಲ್ಲ. ಆದರೆ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಚಹಾ ನನಗೆ ರೂಢಿಯಾಯಿತು. 'ಹೊಂದಿಕೊಂಡು ಹೋಗತಾಳ, ಬಂಗಾರದಂಥಾ ಸೊಸಿ' ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆ ನನಗೂ ಹಿತವಾಗಿಯೇ ಇತ್ತು. ನಾನು ಹೊಂದಿಕೊಂಡಂತೆ ಇವಳೂ ಹೊಂದಿಕೊಳ್ಳಲಿ ಎಂದು ಒಳಗೊಳಗೇ ಅಂದುಕೊಂಡಿದ್ದೆನೇ? ಅಂದುಕೊಂಡಿದ್ದೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಸಂಜೆಯೇ ನಮ್ಮ ಮನೆಯವರನ್ನು ಹುಬ್ಬಳ್ಳಿಗೆ ಅಟ್ಟಿದೆ. ಅಲ್ಲಿ ಕರಾವಳಿಯವರ ಅಂಗಡಿಯೊಂದನ್ನು ಹುಡುಕಿ ಹತ್ತು ಕೆ.ಜಿ. ಕುಚ್ಚಲಕ್ಕಿ ತಂದರು. ಅಡುಗೆಮನೆಯ ಮೂಲೆಯಲ್ಲಿ ಒಂದು ಒಲೆ, ಒಂದು ಡಬ್ಬಿ, ಒಂದು ಪಾತ್ರೆ, ಉಪ್ಪಿನಕಾಯಿಯ ಜಾಡಿ ಇಟ್ಟು, "ಇದು ನಿನ್ನದು. ಯಾರನ್ನೂ ಕೇಳಬೇಕಾಗಿಲ್ಲ" ಎಂದೆ. ನಮ್ಮತ್ತೆ ಡಬ್ಬಿಯೊಳಗೆ ಇಣುಕಿ, "ಇದೇನವಾ, ಕೆಂಪನ ಅಕ್ಕಿ! ಹಿಂಗ ದಪ್ಪ ದಪ್ಪ!" ಎಂದು ಮೂಗು ಮುರಿದರು. ಸೊಸೆ ಆ ರಾತ್ರಿ ಎರಡು ಬಟ್ಟಲು ಗಂಜಿ ಉಂಡಳು.

ಮರುದಿನ ಆಲ್ಪೈನ್ ತೆಗೆದು ಡೆಬಿಯನ್ ಹಾಕಿದೆವು. ಇದೂ ಒಂದು ಲಿನಕ್ಸೇ, ಇದರಲ್ಲಿ ಗ್ಲಿಬ್‌ಸಿ ಇದೆ. 1993ರಲ್ಲಿ ಇಯನ್ ಮರ್ಡಾಕ್ ಎಂಬ ತರುಣ ಶುರುಮಾಡಿದ್ದು. ಡೆಬ್ರಾ ಎಂಬ ತನ್ನ ಗೆಳತಿಯ ಹೆಸರನ್ನು ಮುಂದಿಟ್ಟು, ತನ್ನ ಹೆಸರನ್ನು ಹಿಂದೆ ಸೇರಿಸಿ ಡೆಬಿಯನ್ ಎಂದ. ಮುಂದೆ ಅವರಿಬ್ಬರೂ ಮದುವೆಯಾದರಂತೆ. ಹೆಂಗಸಿನ ಹೆಸರು ಮೊದಲು ಬಂದದ್ದು ನನಗೆ ಸಹಜವಾಗಿಯೇ ಮೆಚ್ಚಿಗೆಯಾಯಿತು. ಇದು 3 ಎಂಬಿಯಲ್ಲಿ ಮುಗಿಯುವ ಸಂಸಾರವಲ್ಲ, ಕೆಲವು ನೂರು ಎಂಬಿ ಬೇಕು. ಆದರೂ ಪೂರ್ತಿ ಡೆಬಿಯನ್ ಹಾಕಲಿಲ್ಲ. ಚಿತ್ರ ನೋಡುವುದು, ಹಾಡು ಕೇಳುವುದು ಯಾವುದೂ ಬೇಡ, ಪ್ರಿಂಟರಿನ ಪ್ರೋಗ್ರಾಮಿಗೆ ಬೇಕಾದಷ್ಟೇ ಸಾಕು ಎಂದು 'ಡಿಬೂಟ್‌ಸ್ಟ್ರಾಪ್' ಎಂಬ ಸಲಕರಣೆಯಿಂದ ತಳಪಾಯದಷ್ಟನ್ನೇ ತರಿಸಿದಳು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಒಳಗಿನವರಿಗೆ ಹೊರಗೇನೂ ಕಾಣದಿದ್ದರೆ ನನ್ನ ಪ್ರಶ್ನೆಪತ್ರಿಕೆ ಅವರಿಗೆ ಹೇಗೆ ತಲುಪಬೇಕು? ಅದಕ್ಕೆ ಒಂದು ಕಿಟಕಿ ಇಟ್ಟಳು. ನನ್ನ 'ಮುದ್ರಣ' ಎಂಬ ಒಂದೇ ಕೋಶ ಒಳಗೂ ಕಾಣುವಂತೆ ಮಾಡಿದಳು. ಎಂಟು ವರ್ಷಗಳ ಉಳಿದ ಕಾಗದಪತ್ರಗಳು ಅಲ್ಲಿಂದ ಕಾಣವು. "ಇದು ಕಳ್ಳರನ್ನು ತಡೆಯುವ ಗೋಡೆ ಅಲ್ಲ ಅತ್ತೆ" ಎಂದೂ ಎಚ್ಚರಿಸಿದಳು. ಅಂಥ ಗಟ್ಟಿಗೋಡೆ ಬೇಕೆಂದರೆ ಫ್ರೀಬಿಎಸ್‌ಡಿಯಲ್ಲಿ 2000ದಿಂದಲೂ 'ಜೈಲ್' ಎಂಬ ಬೇರೆಯೇ ಏರ್ಪಾಡಿದೆಯಂತೆ. ನಮಗೆ ಬೇಕಿದ್ದದ್ದು ಕಾವಲಲ್ಲ, ಒಂದು ಅಡುಗೆಯ ಮೂಲೆ.

ಸಂಜೆ ಐದೂವರೆಗೆ ಎಂಟನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯ ಪಿಡಿಎಫ್ ಆ ಕಿಟಕಿಯಿಂದ ಒಳಗೆ ಹೋಯಿತು. ಡೆಬಿಯನ್‌ನ ಮನೆಯಲ್ಲಿ ಪ್ರೋಗ್ರಾಮು ತನ್ನ ಸಂಖ್ಯೆಗಳಲ್ಲೇ ಕೇಳಿತು, ಫ್ರೀಬಿಎಸ್‌ಡಿ ಅದರ ಭಾಷೆಯಲ್ಲೇ ಕೊಟ್ಟಿತು. ಪ್ರಿಂಟರಿಗೆ ತಿಳಿಯುವ ಕಡತವೊಂದು ಅದೇ ಕಿಟಕಿಯಿಂದ ಹೊರಗೆ ಬಂತು. ಅದನ್ನು ಪ್ರಿಂಟರಿಗೆ ಒಪ್ಪಿಸುವ ಕೆಲಸ ಫ್ರೀಬಿಎಸ್‌ಡಿಯದೇ. ಗರಗರ ಎಂದು ಹಾಳೆ ಹೊರಬಿತ್ತು. ಒಂದು ಒತ್ತಕ್ಷರವೂ ಕೆಟ್ಟಿರಲಿಲ್ಲ. ನಾಲ್ಕನೆಯ ಪ್ರಶ್ನೆ: ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ. ಯಾವ ಗಾದೆ ಎಂದು ನಾನು ಹೇಳಬೇಕಾಗಿಲ್ಲ.

ಡಿಸೆಂಬರಿನಲ್ಲಿ ಮಗ ಹಿಂತಿರುಗಿದ. ಸೊಸೆ ಬೆಂಗಳೂರಿಗೆ ಹೋದಳು. ಡಬ್ಬಿಯ ತಳದಲ್ಲಿ ಒಂದಷ್ಟು ಕುಚ್ಚಲಕ್ಕಿ ಉಳಿಯಿತು, ಕಂಪ್ಯೂಟರಿನೊಳಗೆ ಆ ಪುಟ್ಟ ಡೆಬಿಯನ್ ಉಳಿಯಿತು. ಎರಡನ್ನೂ ನಾನು ಎತ್ತಿಡಲಿಲ್ಲ.

2024ರ ಜನವರಿಯಲ್ಲಿ ನಮ್ಮತ್ತೆಯವರಿಗೆ ಜ್ವರ ಬಂತು. 80 ದಾಟಿದ ಜೀವ. ರೊಟ್ಟಿ ಬೇಡ, ನುಚ್ಚು ಬೇಡ. ಎರಡನೆಯ ದಿನ ನನ್ನನ್ನು ಹತ್ತಿರ ಕರೆದು, "ಆ ಹುಡುಗಿ ಮಾಡತಿದ್ದಳಲ್ಲ, ಕೆಂಪನ ಗಂಜಿ, ಅದನ್ನ ಮಾಡು" ಎಂದರು. ನನಗೆ ಹದ ಗೊತ್ತಿರಲಿಲ್ಲ. ಸೊಸೆಗೆ ಫೋನ್ ಮಾಡಿ ಕೇಳಿ, ಬೇಯಿಸಿ, ಉಪ್ಪು ಹಾಕಿ, ಚಮಚದಲ್ಲಿ ಕುಡಿಸಿದೆ. ಅರ್ಧ ಬಟ್ಟಲು ಇಳಿಯಿತು. ಬಾಯಿ ಒರೆಸಿ ದಿಂಬು ಸರಿಮಾಡುತ್ತಿದ್ದಾಗ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನಿಮ್ಮ ಊರಾಗ ಜ್ವರಾ ಬಂದ್ರ ಏನು ಕೊಡತಿದ್ರು?"

ಈ ಮನೆಗೆ ಬಂದು 29 ವರ್ಷಗಳಾಗಿದ್ದವು. "ಮೆಣಸಿನ ಸಾರು, ಮೆತ್ತಗಿನ ಅನ್ನ" ಎಂದೆ.

"ನಾಳೆ ಅದನ್ನ ಮಾಡು" ಎಂದರು ನಮ್ಮತ್ತೆ.